ಅಮೆರಿಕದಲ್ಲಿ ಸೋಷಿಯಲ್ ವರ್ಕರ್ ಲೈಸೆನ್ಸ್: ರಾಜ್ಯ ಬದಲಾದರೆ ಏನಾಗುತ್ತದೆ?

ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ ಕೂತ ಒಬ್ಬ ಥೆರಪಿಸ್ಟ್, ಅಂದರೆ ಮಾತಿನ ಮೂಲಕ ಮನಸ್ಸಿನ ಚಿಕಿತ್ಸೆ ಕೊಡುವ ಸೋಷಿಯಲ್ ವರ್ಕರ್, ವರ್ಜೀನಿಯಾದಲ್ಲಿರುವ ಒಬ್ಬರ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಕಾನೂನಿನ ಪ್ರಕಾರ ಆ ಥೆರಪಿ ನಡೆಯುತ್ತಿರುವುದು ಎಲ್ಲಿ? ವರ್ಜೀನಿಯಾದಲ್ಲಿ. ಕ್ಲೈಂಟ್ ಎಲ್ಲಿ ಕೂತಿದ್ದಾರೋ ಅಲ್ಲಿ. ಹಾಗಾಗಿ ಬೇಕಾಗುವುದು ವರ್ಜೀನಿಯಾದ ಲೈಸೆನ್ಸ್. ವಾಷಿಂಗ್ಟನ್ ರಾಜ್ಯದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರಾದರೂ ಸರಿ, ವರ್ಜೀನಿಯಾದ ಲೆಕ್ಕದಲ್ಲಿ ಅವರು ಲೈಸೆನ್ಸ್ ಇಲ್ಲದವರು.

ಈ ಒಂದು ನಿಯಮ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಲೈಸೆನ್ಸ್ ಇರುವುದು ಸೋಷಿಯಲ್ ವರ್ಕರ್ ಹೆಸರಿನಲ್ಲಿ. ಆದರೆ ಅದು ನಡೆಯುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಕ್ಲೈಂಟ್ ಇರುವ ಜಾಗ.

ಅಮೆರಿಕದ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಐಟಿ ಕೆಲಸದವರು ರೆಡ್ಮಂಡ್‌ನಿಂದ ಉತ್ತರ ವರ್ಜೀನಿಯಾಕ್ಕೆ, ಬೇ ಏರಿಯಾದಿಂದ ಅಟ್ಲಾಂಟಾಕ್ಕೆ ಮನೆ ಬದಲಿಸುತ್ತಲೇ ಇರುತ್ತಾರೆ. ಹೆರಿಗೆಯ ನಂತರದ ಖಿನ್ನತೆಗೋ, ಮಗನ ಆತಂಕಕ್ಕೋ, ಗಂಡ ಹೆಂಡಿರ ನಡುವಿನ ಜಗಳಕ್ಕೋ ಒಬ್ಬ ಥೆರಪಿಸ್ಟ್ ಹತ್ತಿರ ಹೋಗಲು ಶುರು ಮಾಡಿರುತ್ತಾರೆ. ನಂಬಿಕೆ ಬರಲು ತಿಂಗಳುಗಳು ಹಿಡಿದಿರುತ್ತವೆ. ಅಷ್ಟರಲ್ಲಿ ಟ್ರಕ್ ಬಂದು ಸಾಮಾನು ತುಂಬಿಕೊಂಡು ಹೋಗುತ್ತದೆ. ಹೊಸ ರಾಜ್ಯಕ್ಕೆ ಕಾಲಿಟ್ಟ ದಿನವೇ ಆ ಥೆರಪಿಸ್ಟ್ ಜೊತೆಗಿನ ಸೆಷನ್ ನಿಲ್ಲಬೇಕು. ಊರು ಬಿಟ್ಟು ಬಂದು, ಗೆಳೆಯರಿಲ್ಲದೆ, ಮನುಷ್ಯನಿಗೆ ಆಸರೆ ಜಾಸ್ತಿ ಬೇಕಾಗಿರುವ ಹೊತ್ತು ಅದು. ಅದೇ ಹೊತ್ತಿಗೆ ಆಸರೆ ತಪ್ಪುತ್ತದೆ.

ಭಾಷೆಯ ಮಾತೂ ಇದೆ. ಮಗಳ ಮನೆಗೆ ಬಂದು ನೆಲೆಸಿದ ಅಮ್ಮನಿಗೆ ಗಂಡ ತೀರಿಕೊಂಡ ದುಃಖ ಹೇಳಿಕೊಳ್ಳಬೇಕು. ಆಕೆಗೆ ಇಂಗ್ಲಿಷ್‌ನಲ್ಲಿ ತರಕಾರಿ ಕೊಳ್ಳಲು ಬರಬಹುದು, ದುಃಖ ಹೇಳಿಕೊಳ್ಳಲು ಬರುವುದಿಲ್ಲ. ಕನ್ನಡ ಮಾತಾಡುವ, ಕ್ಲಿನಿಕಲ್ ಲೈಸೆನ್ಸ್ ಇರುವ ಸೋಷಿಯಲ್ ವರ್ಕರ್ ಅದೇ ರಾಜ್ಯದಲ್ಲಿ ಸಿಗುವುದು ಅಪರೂಪ. ಬೇರೆ ರಾಜ್ಯದಲ್ಲಿ ಒಬ್ಬರು ಇದ್ದಾರೆ, ಅವರಿಗೆ ಸಮಯವೂ ಇದೆ, ಇಬ್ಬರ ಮನೆಯಲ್ಲೂ ಇಂಟರ್ನೆಟ್ ಇದೆ. ತಡೆಯುವುದು ರಾಜ್ಯದ ಗಡಿ ಮಾತ್ರ.

ಇಲ್ಲಿ ಸೋಷಿಯಲ್ ವರ್ಕರ್ ಅಂದರೆ ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು (ಸ್ನಾತಕೋತ್ತರ) ಅಥವಾ ಬಿಎಸ್‌ಡಬ್ಲ್ಯು (ಪದವಿ) ಓದಿ, ಸಂಬಳಕ್ಕೆ ವೃತ್ತಿ ಮಾಡುವವರು. ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಆದ ಮೇಲೆ ರೋಗಿಯನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಏರ್ಪಾಡು ಮಾಡುವವರು ಇವರೇ. ಮಕ್ಕಳ ರಕ್ಷಣೆ, ಶಾಲೆ, ಕೊನೆಗಾಲದ ಆರೈಕೆ, ವ್ಯಸನ ಬಿಡಿಸುವ ಕೇಂದ್ರ, ಎಲ್ಲ ಕಡೆ ಇದ್ದಾರೆ. ಕ್ಲಿನಿಕಲ್ ಲೈಸೆನ್ಸ್ ಪಡೆದವರು ಮಾನಸಿಕ ಸಮಸ್ಯೆಯನ್ನು ಗುರುತಿಸಿ ತಾವೇ ಥೆರಪಿ ಕೊಡಬಹುದು. ಅಮೆರಿಕದಲ್ಲಿ ಥೆರಪಿಸ್ಟ್ ಅಂತ ಹುಡುಕಿದರೆ ಸಿಗುವ ಹೆಸರುಗಳಲ್ಲಿ ಬಹಳಷ್ಟು ಜನ ಸೋಷಿಯಲ್ ವರ್ಕರ್‌ಗಳೇ.

ರಾಜ್ಯಕ್ಕೊಂದು ಲೈಸೆನ್ಸ್ ಯಾಕೆ?

ಅಮೆರಿಕದ ಸಂವಿಧಾನದ ಹತ್ತನೇ ತಿದ್ದುಪಡಿ ಪ್ರಕಾರ, ಕೇಂದ್ರಕ್ಕೆ ಕೊಡದೆ ಉಳಿದ ಅಧಿಕಾರಗಳು ರಾಜ್ಯಗಳದ್ದು. ಜನರ ಆರೋಗ್ಯ, ಸುರಕ್ಷತೆ ಕಾಯುವ ಅಧಿಕಾರ ಅದರಲ್ಲಿ ಬರುತ್ತದೆ. 1889ರಲ್ಲಿ ವೆಸ್ಟ್ ವರ್ಜೀನಿಯಾದ ಡೆಂಟ್ ಎಂಬ ವೈದ್ಯ ಸುಪ್ರೀಂ ಕೋರ್ಟಿಗೆ ಹೋಗಿದ್ದ. ರಾಜ್ಯ ತನ್ನ ಡಿಗ್ರಿಯನ್ನು ಒಪ್ಪದೆ ವೈದ್ಯವೃತ್ತಿ ನಿಲ್ಲಿಸಿದೆ ಅನ್ನುವುದು ಅವನ ದೂರು. ಕೋರ್ಟ್ ರಾಜ್ಯದ ಪರವಾಗಿ ನಿಂತಿತು. ವೃತ್ತಿಗೆ ಅರ್ಹತೆ ಏನು ಅಂತ ಗೊತ್ತು ಮಾಡುವುದು ರಾಜ್ಯದ ಹಕ್ಕು ಅನ್ನುವುದು ಅಲ್ಲಿಗೆ ಗಟ್ಟಿಯಾಯಿತು. ವೈದ್ಯರು, ನರ್ಸ್‌ಗಳು, ಕ್ಷೌರಿಕರು, ಎಲ್ಲರೂ ಆ ದಾರಿಯಲ್ಲೇ ಬಂದರು.

ಸೋಷಿಯಲ್ ವರ್ಕರ್‌ಗಳ ಸರದಿ ಬಂದದ್ದು ತಡವಾಗಿ. ಪೋರ್ಟೊ ರಿಕೊ 1934ರಲ್ಲಿ ಕಾನೂನು ಮಾಡಿತು. ರಾಜ್ಯಗಳ ಪೈಕಿ ಮೊದಲನೆಯದು ಕ್ಯಾಲಿಫೋರ್ನಿಯಾ, 1945ರಲ್ಲಿ. ಉಳಿದವು ಒಂದೊಂದಾಗಿ, ತಮಗೆ ತೋಚಿದ ಹಾಗೆ ಕಾನೂನು ಬರೆದುಕೊಂಡವು. ಎಲ್ಲ ರಾಜ್ಯಗಳೂ ಒಂದಲ್ಲ ಒಂದು ರೀತಿಯ ನಿಯಂತ್ರಣಕ್ಕೆ ಬರುವ ಹೊತ್ತಿಗೆ 1990ರ ದಶಕ ಬಂದಿತ್ತು.

ಅದರ ಫಲವನ್ನು ಈಗ ನೋಡಬಹುದು. ಕ್ಲಿನಿಕಲ್ ಕೆಲಸ ಸ್ವತಂತ್ರವಾಗಿ ಮಾಡುವ ಲೈಸೆನ್ಸಿಗೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಟೆಕ್ಸಸ್‌ಗಳಲ್ಲಿ ಎಲ್‌ಸಿಎಸ್‌ಡಬ್ಲ್ಯು ಎಂದು ಹೆಸರು. ಮ್ಯಾಸಚೂಸೆಟ್ಸ್, ವಾಷಿಂಗ್ಟನ್‌ನಲ್ಲಿ ಎಲ್‌ಐಸಿಎಸ್‌ಡಬ್ಲ್ಯು. ಮೇರಿಲ್ಯಾಂಡ್‌ನಲ್ಲಿ ಎಲ್‌ಸಿಎಸ್‌ಡಬ್ಲ್ಯು-ಸಿ. ಓಹಾಯೊದಲ್ಲಿ ಎಲ್‌ಐಎಸ್‌ಡಬ್ಲ್ಯು. ಎಂಎಸ್‌ಡಬ್ಲ್ಯು ಮುಗಿದ ಮೇಲೆ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಮಾಡಬೇಕಾದ ಗಂಟೆಗಳ ಲೆಕ್ಕವೂ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 3,000 ಗಂಟೆ, ಕನಿಷ್ಠ 104 ವಾರ, ಜೊತೆಗೆ ಆ ರಾಜ್ಯದ್ದೇ ಕಾನೂನು ಮತ್ತು ನೀತಿಯ ಪರೀಕ್ಷೆ. ಮ್ಯಾಸಚೂಸೆಟ್ಸ್‌ನಲ್ಲಿ 3,500 ಗಂಟೆ. ನ್ಯೂಯಾರ್ಕ್ ಕೇಳುವುದು ಕನಿಷ್ಠ ಮೂರು ವರ್ಷದಲ್ಲಿ ಕ್ಲೈಂಟ್ ಎದುರು ಕಳೆದ 2,000 ಗಂಟೆ. ಬಿಎಸ್‌ಡಬ್ಲ್ಯು ಓದಿದವರಿಗೆ ಕೆಲವು ರಾಜ್ಯ ಲೈಸೆನ್ಸ್ ಕೊಡುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಆ ಮಟ್ಟದ ಲೈಸೆನ್ಸೇ ಇಲ್ಲ.

ಇಷ್ಟಾದರೂ ಪರೀಕ್ಷೆ ಹೆಚ್ಚುಕಡಿಮೆ ದೇಶಕ್ಕೆಲ್ಲ ಒಂದೇ. ಅಸೋಸಿಯೇಷನ್ ಆಫ್ ಸೋಷಿಯಲ್ ವರ್ಕ್ ಬೋರ್ಡ್ಸ್ ಎಂಬ ಸಂಸ್ಥೆ 1979ರಲ್ಲಿ ಹುಟ್ಟಿತು. ಲೈಸೆನ್ಸ್ ಕೊಡುವ ರಾಜ್ಯಗಳ ಬೋರ್ಡ್‌ಗಳ ಒಕ್ಕೂಟ ಅದು, ಎಎಸ್‌ಡಬ್ಲ್ಯುಬಿ ಅನ್ನುತ್ತಾರೆ. ಪರೀಕ್ಷೆ ನಡೆಸುವುದು ಅವರು. ಒಂದೇ ಪರೀಕ್ಷೆ ಪಾಸು ಮಾಡಿದ ಇಬ್ಬರು, ನದಿಯ ಆ ಕಡೆ ಈ ಕಡೆ ಇರುವ ಎರಡು ರಾಜ್ಯಗಳಲ್ಲಿ, ಒಬ್ಬರ ಕ್ಲೈಂಟನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಇಷ್ಟು ದಿನ ಹೀಗೇ ನಡೆದುಕೊಂಡು ಬಂದಿದೆ.

ಹಳೆಯ ದಾರಿ

ಬೇರೆ ರಾಜ್ಯದಲ್ಲಿ ಲೈಸೆನ್ಸ್ ಇದ್ದವರಿಗೆ ಹೊಸ ರಾಜ್ಯವೂ ಲೈಸೆನ್ಸ್ ಕೊಡುತ್ತದೆ. ಎಂಡಾರ್ಸ್‌ಮೆಂಟ್ ಅನ್ನುತ್ತಾರೆ ಅದಕ್ಕೆ. ತನ್ನಿಂದ ತಾನೇ ಸಿಗುವುದಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ನೇರವಾಗಿ ಬೋರ್ಡಿಗೆ ಹೋಗಬೇಕು. ಎಎಸ್‌ಡಬ್ಲ್ಯುಬಿಯಿಂದ ಪರೀಕ್ಷೆಯ ಫಲಿತಾಂಶ ಹೋಗಬೇಕು. ಹಿಂದೆ ಲೈಸೆನ್ಸ್ ಇದ್ದ ರಾಜ್ಯಗಳಿಂದ, ಇವರ ಮೇಲೆ ಶಿಸ್ತುಕ್ರಮ ಇಲ್ಲ ಎಂಬ ಪತ್ರ ಬರಬೇಕು. ಬೆರಳಚ್ಚು, ಶುಲ್ಕ, ಕೆಲವು ಕಡೆ ಆ ರಾಜ್ಯದ ಕಾನೂನಿನ ಮೇಲೆ ಪುಟ್ಟ ಪರೀಕ್ಷೆ.

ಇದರಲ್ಲಿ ಬಹಳ ಜನ ಸಿಕ್ಕಿಕೊಳ್ಳುವುದು ಮೇಲ್ವಿಚಾರಣೆಯ ಗಂಟೆಗಳಲ್ಲಿ. ಹತ್ತು ವರ್ಷದ ಹಿಂದಿನ ಸೂಪರ್‌ವೈಸರ್ ಸಹಿ ಹಾಕಿ ಕೊಡಬೇಕು ಅಂದರೆ ಅವರು ನಿವೃತ್ತರಾಗಿರುತ್ತಾರೆ. ಆ ಕ್ಲಿನಿಕ್ ಮುಚ್ಚಿಹೋಗಿರುತ್ತದೆ. ಗಂಟೆ ಮಾಡಿದ್ದು ನಿಜ, ಆದರೆ ತೋರಿಸಲು ಕಾಗದ ಇಲ್ಲ. ಎಲ್ಲ ದಾಟಿ ಲೈಸೆನ್ಸ್ ಸಿಕ್ಕಿತು ಅನ್ನಿ. ಇನ್ನು ಅದನ್ನು ನವೀಕರಿಸುತ್ತಾ ಇರಬೇಕು. ಒಂದು ರಾಜ್ಯಕ್ಕೆ ಎರಡು ವರ್ಷಕ್ಕೊಮ್ಮೆ, ಇನ್ನೊಂದಕ್ಕೆ ಅದರದ್ದೇ ಬೇರೆ ದಿನಾಂಕ. ಮುಂದುವರಿದ ಕಲಿಕೆಯ ತರಗತಿಗಳೂ ಬೇರೆ. ನಾಲ್ಕು ರಾಜ್ಯಗಳ ಲೈಸೆನ್ಸ್ ಇಟ್ಟುಕೊಂಡವರು ನಾಲ್ಕು ಶುಲ್ಕ, ನಾಲ್ಕು ಕ್ಯಾಲೆಂಡರ್ ನೋಡಿಕೊಳ್ಳಬೇಕು. ಸಮುದಾಯ ಕೇಂದ್ರಗಳಲ್ಲಿ ಕಡಿಮೆ ಸಂಬಳಕ್ಕೆ ಕೆಲಸ ಮಾಡುವವರಿಗೆ ಇದು ಸಣ್ಣ ಭಾರವಲ್ಲ.

2020ರ ಕೋವಿಡ್ ಇದನ್ನೆಲ್ಲ ಬಯಲಿಗೆ ತಂದಿತು. ಅನೇಕ ರಾಜ್ಯಗಳು ತುರ್ತು ಆದೇಶ ಹೊರಡಿಸಿ, ಬೇರೆ ರಾಜ್ಯದ ಲೈಸೆನ್ಸ್ ಇದ್ದವರೂ ಫೋನ್, ವಿಡಿಯೋದಲ್ಲಿ ಸೇವೆ ಕೊಡಬಹುದು ಅಂದವು. ಹಾಸ್ಟೆಲ್ ಮುಚ್ಚಿ ಮನೆಗೆ ಹೋದ ಕಾಲೇಜು ಹುಡುಗರು ತಮ್ಮ ಕ್ಯಾಂಪಸ್ ಕೌನ್ಸೆಲರ್ ಜೊತೆಗೇ ಮಾತಾಡಿದರು. ಆಮೇಲೆ ತುರ್ತು ಆದೇಶಗಳು ಒಂದೊಂದಾಗಿ ಮುಗಿದವು. ಗಡಿ ದಾಟಿ ಶುರುವಾದ ಸಂಬಂಧಗಳು ಮತ್ತೆ ಕಡಿದವು. ಕೊಟ್ಟು ಕಿತ್ತುಕೊಂಡ ಹಾಗಾಯಿತು ಅಲ್ವಾ? ಸೇವೆ ಕೊಡಬಲ್ಲವರು ಇದ್ದಾರೆ, ಅದು ಸುರಕ್ಷಿತವಾಗಿ ನಡೆಯಬಲ್ಲದು ಎಂದು ಗೊತ್ತಾದ ಮೇಲೆ ಬಾಗಿಲು ಮುಚ್ಚಿದ್ದು ನನಗೆ ಸರಿ ಅನ್ನಿಸುವುದಿಲ್ಲ.

ಅಲ್ಲಲ್ಲಿ ತೇಪೆ ಹಾಕುವ ಕೆಲಸಗಳೂ ನಡೆದಿವೆ. ನಿವೃತ್ತ ಸೈನಿಕರ ಕೇಂದ್ರ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವುದೇ ಒಂದು ರಾಜ್ಯದ ಲೈಸೆನ್ಸ್ ಸಾಕು. ಅರಿಜೋನಾ 2019ರಲ್ಲಿ, ಬೇರೆ ರಾಜ್ಯದಲ್ಲಿ ಕನಿಷ್ಠ ಒಂದು ವರ್ಷ ಲೈಸೆನ್ಸ್ ಇದ್ದು ತನ್ನಲ್ಲಿಗೆ ಬಂದು ನೆಲೆಸುವವರಿಗೆ ಅನೇಕ ವೃತ್ತಿಗಳಲ್ಲಿ ದಾರಿ ಸುಲಭ ಮಾಡಿತು. ಫ್ಲೋರಿಡಾ ಅದೇ ವರ್ಷ, ಹೊರರಾಜ್ಯದ ಆರೋಗ್ಯ ವೃತ್ತಿಯವರು ನೋಂದಾಯಿಸಿಕೊಂಡು ಟೆಲಿಹೆಲ್ತ್ (ಫೋನ್, ವಿಡಿಯೋ ಮೂಲಕದ ಸೇವೆ) ಮಾತ್ರ ಕೊಡುವ ಪದ್ಧತಿ ತಂದಿತು. 2023ರ ಜನವರಿಯಿಂದ ಕೇಂದ್ರದ ಕಾನೂನೊಂದು ಸೈನಿಕರು ಮತ್ತು ಅವರ ಗಂಡ ಅಥವಾ ಹೆಂಡತಿಯ ವೃತ್ತಿ ಲೈಸೆನ್ಸನ್ನು ವರ್ಗಾವಣೆಯಾದ ರಾಜ್ಯವೂ ಒಪ್ಪಬೇಕು ಎಂದಿದೆ. ಒಳ್ಳೆಯ ಕೆಲಸಗಳೇ. ಆದರೆ ಒಂದೊಂದೂ ಒಂದೊಂದು ಮೂಲೆಗೆ ಮಾತ್ರ.

ಒಪ್ಪಂದ ಅಂದರೆ ಏನು?

ರಾಜ್ಯಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುವ ದಾರಿ ಅಮೆರಿಕದ ಸಂವಿಧಾನದಲ್ಲೇ ಇದೆ. ಇದನ್ನು ಇಂಟರ್‌ಸ್ಟೇಟ್ ಕಾಂಪ್ಯಾಕ್ಟ್ ಅನ್ನುತ್ತಾರೆ. ಒಂದು ಕರಡು ಮಸೂದೆ ಸಿದ್ಧವಾಗುತ್ತದೆ. ಪ್ರತಿ ರಾಜ್ಯದ ಶಾಸನಸಭೆ ಅದನ್ನೇ ಕಾನೂನಾಗಿ ಪಾಸು ಮಾಡಬೇಕು. ಮುಖ್ಯ ಅಂಶಗಳನ್ನು ತನಗೆ ಬೇಕಾದ ಹಾಗೆ ತಿದ್ದಿದರೆ ಆ ರಾಜ್ಯ ಸೇರಿದ ಲೆಕ್ಕವಲ್ಲ. ಅದು ಕಾನೂನೂ ಹೌದು, ರಾಜ್ಯಗಳ ನಡುವಿನ ಕರಾರೂ ಹೌದು.

ನರ್ಸ್‌ಗಳು ಈ ದಾರಿಯಲ್ಲಿ ಮುಂದೆ. ಅವರ ಒಪ್ಪಂದ 2000ದಲ್ಲಿ ಶುರುವಾಗಿ, 2018ರಲ್ಲಿ ಹೊಸ ರೂಪ ಪಡೆಯಿತು. ಮನಶ್ಶಾಸ್ತ್ರಜ್ಞರ ಇಂಥದ್ದೇ ಒಪ್ಪಂದ ಸೈಪ್ಯಾಕ್ಟ್ 2020ರಿಂದ ಕೆಲಸ ಮಾಡುತ್ತಿದೆ. ಸೋಷಿಯಲ್ ವರ್ಕರ್‌ಗಳಿಗಾಗಿ ಕರಡು ತಯಾರಾದದ್ದು ರಾಜ್ಯ ಸರ್ಕಾರಗಳ ಸಂಸ್ಥೆಯಾದ ಕೌನ್ಸಿಲ್ ಆಫ್ ಸ್ಟೇಟ್ ಗವರ್ನಮೆಂಟ್ಸ್ ಮತ್ತು ಎಎಸ್‌ಡಬ್ಲ್ಯುಬಿ ಕೆಲಸದಿಂದ. ಹಣ ಕೊಟ್ಟದ್ದು ರಕ್ಷಣಾ ಇಲಾಖೆ. ಸೈನ್ಯದವರಿಗೆ ಇದರಲ್ಲಿ ಏನು ಆಸಕ್ತಿ ಅಂತ ಅನ್ನಿಸಬಹುದು. ಸೈನಿಕರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಹೆಂಡತಿ ಸೋಷಿಯಲ್ ವರ್ಕರ್ ಆಗಿದ್ದರೆ ಪ್ರತಿ ಸಲವೂ ಅವಳ ಕೆಲಸ ಹೋಗುತ್ತದೆ. ಹೊಸ ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಮುಂದಿನ ವರ್ಗಾವಣೆ ಹತ್ತಿರ ಬಂದಿರುತ್ತದೆ.

2023ರಲ್ಲಿ ಕರಡು ಅಂತಿಮವಾಯಿತು. ಆ ವರ್ಷದ ಜುಲೈನಲ್ಲಿ ಮಿಸ್ಸೌರಿ ಮೊದಲು ಸೇರಿತು. ಏಳು ರಾಜ್ಯಗಳು ಸೇರಿದರೆ ಒಪ್ಪಂದ ಜಾರಿಗೆ ಬರುತ್ತದೆ ಎಂದು ಬರೆದಿತ್ತು. 2024ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಏಳನೆಯದಾಯಿತು. ಸೌತ್ ಡಕೋಟ, ಯೂಟಾ, ವಾಷಿಂಗ್ಟನ್, ವರ್ಜೀನಿಯಾ, ಕೆಂಟಕಿ ಅದಕ್ಕೂ ಮೊದಲೇ ಬಂದಿದ್ದವು. ಆಮೇಲೆ ಜಾರ್ಜಿಯಾ, ಓಹಾಯೊ ಮುಂತಾದವು ಸೇರಿ ಸಂಖ್ಯೆ 20 ದಾಟಿತು. ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾ 2025ರ ಮಧ್ಯದವರೆಗೂ ಸೇರಿರಲಿಲ್ಲ. ನ್ಯೂಯಾರ್ಕೂ ಅಷ್ಟೇ.

ಒಪ್ಪಂದ ಜಾರಿಗೆ ಬಂತು ಅಂದರೆ ಮರುದಿನವೇ ಲೈಸೆನ್ಸ್ ಸಿಕ್ಕಿತು ಅಂತಲ್ಲ. ಇಲ್ಲಿ ತಪ್ಪು ತಿಳಿದುಕೊಂಡವರು ಬಹಳ. ಪ್ರತಿ ರಾಜ್ಯದಿಂದ ಒಬ್ಬ ಪ್ರತಿನಿಧಿ ಇರುವ ಕಮಿಷನ್ ಮೊದಲ ಸಭೆ ಸೇರಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ನಿಯಮ ಬರೆಯಬೇಕು, ಶುಲ್ಕ ಗೊತ್ತು ಮಾಡಬೇಕು, ಎಲ್ಲ ರಾಜ್ಯಗಳ ದಾಖಲೆ ಒಂದೇ ಕಡೆ ಕಾಣುವ ಕಂಪ್ಯೂಟರ್ ವ್ಯವಸ್ಥೆ ಕಟ್ಟಬೇಕು. 2025ರಲ್ಲೂ ಈ ತಯಾರಿ ನಡೆದೇ ಇತ್ತು. ಆದ್ದರಿಂದ ನಿಮ್ಮ ರಾಜ್ಯದ ಹೆಸರು ಪಟ್ಟಿಯಲ್ಲಿದೆ ಅನ್ನುವ ಕಾರಣಕ್ಕೆ ಗಡಿಯಾಚೆ ಕ್ಲೈಂಟ್ ತೆಗೆದುಕೊಳ್ಳಬೇಡಿ. ಒಪ್ಪಂದ ಸೇರಿದ ಎಲ್ಲ ರಾಜ್ಯಗಳಲ್ಲೂ ನಡೆಯುವ ಬಹುರಾಜ್ಯ ಲೈಸೆನ್ಸ್ ನಿಮ್ಮ ಹೆಸರಿಗೆ ಬಂದ ಮೇಲೆ ಮಾತ್ರ ಆ ಹಕ್ಕು.

ಕೆಲಸ ಮಾಡುವ ಬಗೆ

ಒಪ್ಪಂದದಲ್ಲಿ ಎರಡು ರಾಜ್ಯಗಳ ಮಾತು ಬರುತ್ತದೆ. ಸೋಷಿಯಲ್ ವರ್ಕರ್ ಖಾಯಂ ಆಗಿ ವಾಸವಾಗಿರುವುದು ತವರು ರಾಜ್ಯ. ಕ್ಲೈಂಟ್ ಇರುವುದು ದೂರದ ರಾಜ್ಯ. ತವರು ರಾಜ್ಯದಲ್ಲಿ ಮಾಮೂಲಿ ಲೈಸೆನ್ಸ್ ಇರಬೇಕು, ಅದರ ಮೇಲೆ ಯಾವ ಶಿಸ್ತುಕ್ರಮದ ನಿರ್ಬಂಧವೂ ಇರಬಾರದು. ಅದರ ಮೇಲೆ ಬಹುರಾಜ್ಯ ಲೈಸೆನ್ಸಿಗೆ ಅರ್ಜಿ. ಎಫ್‌ಬಿಐ ಮೂಲಕ ಬೆರಳಚ್ಚಿನ ಹಿನ್ನೆಲೆ ತಪಾಸಣೆ ಆಗುತ್ತದೆ. ಲೈಸೆನ್ಸ್ ಬಂದರೆ ಒಪ್ಪಂದದ ಎಲ್ಲ ರಾಜ್ಯಗಳಲ್ಲೂ ಕೆಲಸ ಮಾಡುವ ಅನುಮತಿ ಒಟ್ಟಿಗೇ ಸಿಗುತ್ತದೆ.

ಕರ್ನಾಟಕದ ಆರ್‌ಟಿಒ ಕೊಟ್ಟ ಡಿಎಲ್ ಇಟ್ಟುಕೊಂಡು ಕೇರಳದಲ್ಲೂ ಗಾಡಿ ಓಡಿಸಬಹುದು. ಆದರೆ ಅಲ್ಲಿನ ರಸ್ತೆಯಲ್ಲಿ ಅಲ್ಲಿನ ಪೊಲೀಸರು ಹೇಳಿದ್ದನ್ನು ಕೇಳಬೇಕು. ಈ ಲೈಸೆನ್ಸೂ ಹಾಗೆಯೇ. ಕೊಡುವುದು ತವರು ರಾಜ್ಯ, ನಡೆಯುವ ಕಾನೂನು ಕ್ಲೈಂಟ್ ಇರುವ ರಾಜ್ಯದ್ದು.

ಮೂರು ಮಟ್ಟಗಳಿವೆ: ಬ್ಯಾಚುಲರ್ಸ್, ಮಾಸ್ಟರ್ಸ್, ಕ್ಲಿನಿಕಲ್. ಯಾವ ಮಟ್ಟದ್ದೋ ಅದಕ್ಕೆ ತಕ್ಕ ರಾಷ್ಟ್ರೀಯ ಪರೀಕ್ಷೆ ಪಾಸಾಗಿರಬೇಕು. ಪರೀಕ್ಷೆ ಕಡ್ಡಾಯವಾಗುವ ಮೊದಲೇ ಲೈಸೆನ್ಸ್ ಪಡೆದ ಹಿರಿಯರಿಗೆ ವಿನಾಯಿತಿ ಇದೆ. ಕ್ಲಿನಿಕಲ್ ಮಟ್ಟಕ್ಕೆ ಎಂಎಸ್‌ಡಬ್ಲ್ಯು, ಆಮೇಲೆ ಮೇಲ್ವಿಚಾರಣೆಯಲ್ಲಿ 3,000 ಗಂಟೆ ಅಥವಾ ಎರಡು ವರ್ಷದ ಪೂರ್ಣಾವಧಿ ಕೆಲಸ. ರಾಜ್ಯಗಳ ನಡುವೆ ಹರಡಿಹೋಗಿದ್ದ ಗಂಟೆಗಳ ಲೆಕ್ಕಕ್ಕೆ ಇದೊಂದು ಸಾಮಾನ್ಯ ಅಳತೆಗೋಲು. ದೂರದ ರಾಜ್ಯದಲ್ಲಿ ಯಾವ ಮಟ್ಟದ ಲೈಸೆನ್ಸ್ ಪದ್ಧತಿ ಇದೆಯೋ ಆ ಮಟ್ಟಕ್ಕೆ ತಕ್ಕ ಅನುಮತಿ ಮಾತ್ರ ಸಿಗುತ್ತದೆ.

ಮನೆ ಬದಲಿಸಿದರೆ? ಒಪ್ಪಂದದ ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿ ಅರ್ಜಿ ಹಾಕಿ ಬಹುರಾಜ್ಯ ಲೈಸೆನ್ಸನ್ನು ಅಲ್ಲಿಂದ ಮತ್ತೆ ಪಡೆಯಬೇಕು. ಒಪ್ಪಂದದಲ್ಲಿಲ್ಲದ ರಾಜ್ಯಕ್ಕೆ ಹೋದರೆ ಬಹುರಾಜ್ಯದ ಹಕ್ಕು ಹೋಗುತ್ತದೆ, ಹಳೆಯ ರಾಜ್ಯದ ಮಾಮೂಲಿ ಲೈಸೆನ್ಸ್ ಮಾತ್ರ ಉಳಿಯುತ್ತದೆ. ಸೈನ್ಯದಲ್ಲಿರುವವರು ಮತ್ತು ಅವರ ಸಂಗಾತಿ ಸೇವೆ ಮುಗಿಯುವ ತನಕ ಒಂದೇ ತವರು ರಾಜ್ಯ ಇಟ್ಟುಕೊಳ್ಳಬಹುದು.

ಇಲ್ಲೇ ಒಪ್ಪಂದದ ದೊಡ್ಡ ತೂತು ಇರುವುದು. ಕ್ಯಾಲಿಫೋರ್ನಿಯಾದಂಥ ಸೇರದ ರಾಜ್ಯದಲ್ಲಿ ವಾಸವಾಗಿರುವವರ ಹತ್ತಿರ ವರ್ಜೀನಿಯಾದ ಮಾಮೂಲಿ ಲೈಸೆನ್ಸ್ ಇದ್ದರೂ ಬಹುರಾಜ್ಯದ್ದು ಸಿಗುವುದಿಲ್ಲ. ವಾಸ ಮುಖ್ಯ. ಕ್ಲೈಂಟ್ ಇರುವುದು ಸೇರದ ರಾಜ್ಯದಲ್ಲಾದರೆ ಅಲ್ಲಿಯೂ ಬಹುರಾಜ್ಯ ಲೈಸೆನ್ಸ್ ಉಪಯೋಗಕ್ಕೆ ಬರುವುದಿಲ್ಲ. ಜನ ಜಾಸ್ತಿ ಇರುವ ರಾಜ್ಯಗಳು ಹೊರಗೆ ನಿಂತಷ್ಟೂ ಕಾಲ ಗಡಿಯ ಸಮಸ್ಯೆ ಅರ್ಧ ಹಾಗೇ ಉಳಿಯುತ್ತದೆ.

ಅನುಮತಿ ಸಿಕ್ಕಿತು, ಕಾನೂನು ಗೊತ್ತಿದೆಯೇ?

ಒಪ್ಪಂದದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಇದನ್ನು ಬೇಗ ದಾಟಿ ಹೋಗುತ್ತಾರೆ. ನನ್ನ ಪ್ರಕಾರ ಹೆಚ್ಚು ಹೊತ್ತು ನಿಲ್ಲಬೇಕಾದ್ದೇ ಇಲ್ಲಿ. ಕ್ಲೈಂಟ್ ಇರುವ ರಾಜ್ಯದ ಕಾನೂನೇ ನಡೆಯುವುದಾದರೆ, ಆ ಕಾನೂನು ಥೆರಪಿಸ್ಟ್‌ಗೆ ಗೊತ್ತಿರಬೇಕು. ಮತ್ತು ಅದು ರಾಜ್ಯದಿಂದ ರಾಜ್ಯಕ್ಕೆ ಬಹಳ ಬದಲಾಗುತ್ತದೆ.

ಕ್ಲೈಂಟ್ ಒಬ್ಬರು ಸೆಷನ್‌ನಲ್ಲಿ, ಇಂಥವರನ್ನು ಕೊಲ್ಲುತ್ತೇನೆ ಅಂದರು ಅನ್ನಿ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರ ಟರಸಾಫ್ ಪ್ರಕರಣದಲ್ಲಿ, ಅಪಾಯದಲ್ಲಿರುವ ವ್ಯಕ್ತಿಯನ್ನು ಕಾಪಾಡಲು ಕ್ರಮ ತೆಗೆದುಕೊಳ್ಳುವುದು ಥೆರಪಿಸ್ಟ್‌ನ ಹೊಣೆ ಅಂದಿತು. ಟೆಕ್ಸಸ್‌ನ ಸುಪ್ರೀಂ ಕೋರ್ಟ್ 1999ರಲ್ಲಿ ಅಂಥ ಹೊಣೆಯನ್ನು ಒಪ್ಪಲಿಲ್ಲ. ವಾಷಿಂಗ್ಟನ್‌ನ ಕೋರ್ಟ್ 2016ರಲ್ಲಿ ಹೊಣೆಯನ್ನು ಇನ್ನೂ ಅಗಲ ಮಾಡಿತು. ಹೆಸರು ಹೇಳಿ ಬೆದರಿಸದಿದ್ದರೂ, ಅಪಾಯಕ್ಕೆ ಸಿಕ್ಕಬಹುದು ಎಂದು ಊಹಿಸಬಹುದಾದವರ ಬಗ್ಗೆಯೂ ಯೋಚಿಸಬೇಕು ಎಂದಿತು. ಒಂದೇ ಮಾತು ಕಿವಿಗೆ ಬಿದ್ದಾಗ ಒಂದು ರಾಜ್ಯದಲ್ಲಿ ಫೋನ್ ಎತ್ತಿಕೊಳ್ಳದಿದ್ದರೆ ತಪ್ಪು. ಇನ್ನೊಂದರಲ್ಲಿ ಫೋನ್ ಮಾಡಿದರೆ ಗುಟ್ಟು ಬಿಟ್ಟುಕೊಟ್ಟ ತಪ್ಪಿಗೆ ಸಿಕ್ಕಿಕೊಳ್ಳಬಹುದು.

ಮಕ್ಕಳ ವಿಷಯವೂ ಹಾಗೆ. ವಾಷಿಂಗ್ಟನ್‌ನಲ್ಲಿ 13 ತುಂಬಿದ ಮಕ್ಕಳು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆಯೂ ಮಾನಸಿಕ ಆರೋಗ್ಯದ ಸೇವೆ ಪಡೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ 12 ತುಂಬಿದವರಿಗೆ ಕೆಲವು ಷರತ್ತಿನ ಮೇಲೆ ಆ ಅವಕಾಶ ಇದೆ. ಬೇರೆ ಕಡೆ ಬೇರೆ. ಆತ್ಮಹತ್ಯೆಯ ಅಪಾಯದಲ್ಲಿರುವವರನ್ನು ಒಪ್ಪಿಗೆ ಇಲ್ಲದೆ ಆಸ್ಪತ್ರೆಗೆ ಸೇರಿಸುವುದಕ್ಕೆ ಫ್ಲೋರಿಡಾದಲ್ಲಿ ಬೇಕರ್ ಆಕ್ಟ್, ಕ್ಯಾಲಿಫೋರ್ನಿಯಾದಲ್ಲಿ 5150 ಎಂದೇ ಹೆಸರಾದ ಕಲಂ. ಯಾರು ಆದೇಶ ಕೊಡಬಹುದು, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನುವುದು ರಾಜ್ಯದ್ದೇ ಲೆಕ್ಕ.

ಇನ್ನೊಂದು ಸಂಗತಿ ತೀರಾ ಪ್ರಾಯೋಗಿಕ, ಆದರೆ ಜೀವ ಉಳಿಸುವಂಥದ್ದು. ಸಿಯಾಟಲ್‌ನಲ್ಲಿ ಕೂತು ಅಮೆರಿಕದ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರೆ ಅದು ಹೋಗುವುದು ಸಿಯಾಟಲ್ ಕಡೆಯ ಕೇಂದ್ರಕ್ಕೆ. ಕ್ಲೈಂಟ್ ಇರುವುದು ವರ್ಜೀನಿಯಾದಲ್ಲಿ. ಆದ್ದರಿಂದ ಗಡಿಯಾಚೆ ಕೆಲಸ ಮಾಡುವವರು ಪ್ರತಿ ಸೆಷನ್ ಶುರುವಾಗುವಾಗ, ಈಗ ಎಲ್ಲಿದ್ದೀರಿ, ಯಾವ ವಿಳಾಸ ಎಂದು ಕೇಳಿಕೊಳ್ಳಬೇಕು. ಅಲ್ಲಿನ ತುರ್ತು ಕೇಂದ್ರದ ನೇರ ನಂಬರ್, ಹತ್ತಿರದ ಆಸ್ಪತ್ರೆ, ಮನೆಯವರೊಬ್ಬರ ನಂಬರ್ ಮೊದಲೇ ಬರೆದಿಟ್ಟುಕೊಂಡಿರಬೇಕು. ನಿಮ್ಮ ಥೆರಪಿಸ್ಟ್ ಪ್ರತಿ ಸಲ ವಿಳಾಸ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಸರಿಯಾಗಿ ಕೆಲಸ ಮಾಡುತ್ತಿದ್ದಾರೆ ಅಂತಲೇ ಅರ್ಥ. ರಜೆಗೆ ಬೇರೆ ರಾಜ್ಯಕ್ಕೆ ಹೋಗಿದ್ದರೆ ಸುಮ್ನೆ ಮನೆಯಲ್ಲೇ ಇದ್ದೇನೆ ಅನ್ನಬೇಡಿ. ಬೆಂಗಳೂರಿಗೆ ಬಂದಿದ್ದರಂತೂ ಮೊದಲೇ ಹೇಳಿ. ಈ ಒಪ್ಪಂದ ಸೇರಿದ ರಾಜ್ಯಗಳಿಗೆ ಮಾತ್ರ, ಹೊರದೇಶಕ್ಕಲ್ಲ.

ತಪ್ಪು ಮಾಡಿದವರು ಗಡಿ ದಾಟಿ ಬಚಾವಾಗದ ಹಾಗೆ ಒಪ್ಪಂದದಲ್ಲಿ ವ್ಯವಸ್ಥೆ ಇದೆ. ದೂರದ ರಾಜ್ಯ ತನ್ನ ಗಡಿಯೊಳಗೆ ಅವರ ಅನುಮತಿ ಕಿತ್ತುಕೊಳ್ಳಬಹುದು. ತವರು ರಾಜ್ಯ ಲೈಸೆನ್ಸಿನ ಮೇಲೆ ನಿರ್ಬಂಧ ಹಾಕಿದರೆ ಎಲ್ಲ ರಾಜ್ಯಗಳ ಅನುಮತಿಯೂ ನಿಲ್ಲುತ್ತದೆ. ತನಿಖೆಯ ಮಾಹಿತಿಯನ್ನು ರಾಜ್ಯಗಳು ಹಂಚಿಕೊಳ್ಳಬೇಕು. ಜನರ ದೃಷ್ಟಿಯಿಂದ ಇದು ಹಳೆಯ ಪದ್ಧತಿಗಿಂತ ಭದ್ರ.

ಒಪ್ಪಂದ ಮುಟ್ಟದ ಕಡೆಗಳು

ವಿಮೆ ಇದರಲ್ಲಿ ಬರುವುದಿಲ್ಲ. ಲೈಸೆನ್ಸ್ ಇದ್ದರೂ ಆ ರಾಜ್ಯದ ವಿಮಾ ಕಂಪನಿಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪೂರ್ತಿ ದುಡ್ಡು ಕ್ಲೈಂಟ್ ಕೈಯಿಂದಲೇ ಹೋಗಬಹುದು. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಯ್ಡ್‌ನ ನೋಂದಣಿ ರಾಜ್ಯಕ್ಕೊಂದು. ಥೆರಪಿಸ್ಟ್‌ನ ವೃತ್ತಿ ವಿಮೆ ಬೇರೆ ರಾಜ್ಯದ ಕೆಲಸಕ್ಕೂ ಅನ್ವಯಿಸುತ್ತದೆಯೇ ಎಂದು ಬೇರೆಯಾಗಿ ಕೇಳಿಕೊಳ್ಳಬೇಕು.

ಪರೀಕ್ಷೆಯ ವಿಷಯದಲ್ಲಿ ದೊಡ್ಡ ಜಗಳವೇ ನಡೆದಿದೆ. 2022ರ ಆಗಸ್ಟ್‌ನಲ್ಲಿ ಎಎಸ್‌ಡಬ್ಲ್ಯುಬಿ ತನ್ನ ಫಲಿತಾಂಶಗಳನ್ನು ಜನಾಂಗವಾರು ಹೊರಗಿಟ್ಟಿತು. ಕ್ಲಿನಿಕಲ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದವರು ಬಿಳಿಯರಲ್ಲಿ ಶೇಕಡ 84ರ ಹತ್ತಿರ, ಕಪ್ಪು ಜನರಲ್ಲಿ ಶೇಕಡ 45. ಇಷ್ಟು ಅಂತರ ಕಂಡ ಮೇಲೆ, ಈ ಪರೀಕ್ಷೆ ಅಳೆಯುತ್ತಿರುವುದು ಕೆಲಸದ ಯೋಗ್ಯತೆಯನ್ನೋ ಬೇರೆ ಏನನ್ನೋ ಎಂದು ಕೇಳದಿರುವುದು ಕಷ್ಟ. ವೃತ್ತಿಯವರ ರಾಷ್ಟ್ರೀಯ ಸಂಘ ಎನ್‌ಎಎಸ್‌ಡಬ್ಲ್ಯು 2023ರಲ್ಲಿ ಪರೀಕ್ಷೆಗಳನ್ನು ವಿರೋಧಿಸಿತು. ಇಲಿನಾಯ್ ಅದಕ್ಕೂ ಮೊದಲೇ, 2022ರ ಆರಂಭದಿಂದ, ಕ್ಲಿನಿಕಲ್ ಅಲ್ಲದ ತನ್ನ ಎಲ್‌ಎಸ್‌ಡಬ್ಲ್ಯು ಲೈಸೆನ್ಸಿಗೆ ಪರೀಕ್ಷೆ ಬೇಡ ಅಂದಿತ್ತು. ಆದರೆ ಬಹುರಾಜ್ಯ ಲೈಸೆನ್ಸಿಗೆ ಪರೀಕ್ಷೆ ಬೇಕೇ ಬೇಕು. ಪರೀಕ್ಷೆ ಇಲ್ಲದೆ ಲೈಸೆನ್ಸ್ ಪಡೆದವರು ತಮ್ಮ ರಾಜ್ಯದೊಳಗೇ ಉಳಿಯಬೇಕಾಗುತ್ತದೆ. ಒಪ್ಪಂದ ಬೇಕು ಅನ್ನುವುದು ನನ್ನ ಮಾತು. ಹಾಗೆಂದು ಈ ಅನ್ಯಾಯವನ್ನು ಕಾಣದ ಹಾಗೆ ಇರಲು ಆಗುವುದಿಲ್ಲ.

ಕರ್ನಾಟಕದಲ್ಲಿ ಎಂಎಸ್‌ಡಬ್ಲ್ಯು ಓದಿ ಹೋದವರಿಗೆ

ಮಂಗಳೂರಿನ ರೋಶನಿ ನಿಲಯದಲ್ಲೋ, ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲೋ ಎಂಎಸ್‌ಡಬ್ಲ್ಯು ಮಾಡಿ ಮದುವೆಯಾಗಿ ಅಮೆರಿಕಕ್ಕೆ ಹೋದವರು ಇದ್ದಾರೆ. ಕೆಲಸ ಮಾಡುವ ಅನುಮತಿ ಬಂದ ಮೇಲೆ ಎಲ್ಲಿಂದ ಶುರು ಮಾಡುವುದು ಅನ್ನುವುದು ಅವರ ಪ್ರಶ್ನೆ. ಅಲ್ಲಿ ಸೋಷಿಯಲ್ ವರ್ಕ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಕೌನ್ಸಿಲ್ ಆನ್ ಸೋಷಿಯಲ್ ವರ್ಕ್ ಎಜುಕೇಶನ್. ಹೊರದೇಶದ ಡಿಗ್ರಿ ಅಮೆರಿಕದ ಎಂಎಸ್‌ಡಬ್ಲ್ಯುಗೆ ಸಮವೇ ಎಂದು ಪರಿಶೀಲಿಸುವ ವಿಭಾಗ ಅದರಲ್ಲೇ ಇದೆ. ಸಾಮಾನ್ಯವಾಗಿ ಮೊದಲ ಹೆಜ್ಜೆ ಅದು.

ಅಲ್ಲಿನ ಎಂಎಸ್‌ಡಬ್ಲ್ಯುಗೆ ಕನಿಷ್ಠ 900 ಗಂಟೆ ಫೀಲ್ಡ್‌ವರ್ಕ್ ಬೇಕು. ನಮ್ಮ ಕೋರ್ಸ್‌ಗಳಲ್ಲಿ ವಾರಕ್ಕೆರಡು ದಿನ ಫೀಲ್ಡ್‌ವರ್ಕ್, ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್ ಮಾಡಿರುತ್ತೇವೆ. ಆದರೆ ಅಂಕಪಟ್ಟಿಯಲ್ಲಿ ಅದು ಒಂದು ಸಾಲು, ಒಂದು ಅಂಕ ಅಷ್ಟೇ. ಗಂಟೆಗಳು ಕಾಣುವುದಿಲ್ಲ. ಊರು ಬಿಡುವ ಮುಂಚೆಯೇ ವಿಭಾಗದಿಂದ ಸಿಲೆಬಸ್, ಫೀಲ್ಡ್‌ವರ್ಕ್ ಎಲ್ಲಿ ಮಾಡಿದ್ದು, ಎಷ್ಟು ಗಂಟೆ ಅನ್ನುವ ಪತ್ರವನ್ನು ಸೀಲು ಸಹಿಯೊಂದಿಗೆ ತೆಗೆದುಕೊಳ್ಳಿ. ಮಾರ್ಗದರ್ಶನ ಮಾಡಿದ ಮೇಷ್ಟ್ರು ಇನ್ನೂ ವಿಭಾಗದಲ್ಲಿ ಇರುವಾಗಲೇ ಇದು ಸುಲಭ.

ಭಾರತದಲ್ಲಿ ಈ ವೃತ್ತಿಗೆ ಲೈಸೆನ್ಸ್ ಇಲ್ಲದೆ ಬಹಳ ಕಾಲ ನಡೆದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸೋಷಿಯಲ್ ವರ್ಕರ್ ಯಾರು ಎಂದು ಹೇಳಿ, ಎಂಎಸ್‌ಡಬ್ಲ್ಯು ಜೊತೆಗೆ ಎಂಫಿಲ್ ಕೇಳಿತು. ನಿಮ್ಹಾನ್ಸ್‌ನಲ್ಲಿ ಕಲಿಸುತ್ತಿದ್ದದ್ದು ಅದನ್ನೇ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಕ್ಲಿನಿಕಲ್, ಮನೋವೈದ್ಯಕೀಯ ಮತ್ತು ವೈದ್ಯಕೀಯ ಸೋಷಿಯಲ್ ವರ್ಕರ್‌ಗಳ ಹೆಸರು ಇದೆ. ಅದರಲ್ಲಿ ರಾಜ್ಯಕ್ಕೊಂದು ಕೌನ್ಸಿಲ್, ರಾಜ್ಯದ ರಿಜಿಸ್ಟರ್, ಜೊತೆಗೆ ಕೇಂದ್ರದ ರಿಜಿಸ್ಟರ್. ಅಮೆರಿಕ ಎಂಬತ್ತು ವರ್ಷದ ಮೇಲೆ ಕಟ್ಟುತ್ತಿರುವ ಸೇತುವೆಯ ಜಾಗದಲ್ಲಿ ನಮ್ಮ ಕಾಯ್ದೆ ಮೊದಲೇ ಕೇಂದ್ರದ ರಿಜಿಸ್ಟರ್ ಇಟ್ಟಿದೆ. ಈ ಕಾಯ್ದೆ ನಿಜವಾಗಿ ನೆಲಕ್ಕಿಳಿದರೆ ಇಲ್ಲಿಂದ ಹೋಗುವವರ ಕೈಯಲ್ಲೂ ನೋಂದಣಿಯ ಕಾಗದ ಇರುತ್ತದೆ.

ಅಮೆರಿಕದಲ್ಲಿ ಹೊಸದಾಗಿ ಶುರು ಮಾಡುವವರು ಮೊದಲ ಲೈಸೆನ್ಸ್ ಯಾವ ರಾಜ್ಯದಲ್ಲಿ ಅನ್ನುವುದನ್ನು ಈಗ ಯೋಚಿಸಿ ನಿರ್ಧರಿಸಬೇಕು. ಗಂಡನ ಕೆಲಸಕ್ಕೆ ಎರಡು ಊರುಗಳ ನಡುವೆ ಆಯ್ಕೆ ಇದ್ದರೆ, ಹೆಂಡತಿಯ ಲೈಸೆನ್ಸೂ ಆ ಲೆಕ್ಕದಲ್ಲಿ ಬರಲಿ. ಹೊರದೇಶದ ಡಿಗ್ರಿಯ ಮೇಲೆ ಬಹುರಾಜ್ಯ ಲೈಸೆನ್ಸ್ ಕೊಡುತ್ತೀರಾ ಎಂದು ಆ ರಾಜ್ಯದ ಬೋರ್ಡಿಗೆ ಈಮೇಲ್ ಬರೆದು, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಮೇಲ್ವಿಚಾರಣೆಯ ಗಂಟೆ ಶುರುವಾದ ಮೇಲೆ ಪ್ರತಿ ತಿಂಗಳೂ ಸೂಪರ್‌ವೈಸರ್ ಕೈಯಲ್ಲಿ ಸಹಿ ಹಾಕಿಸಿ. ಅವರ ಲೈಸೆನ್ಸ್ ನಂಬರ್ ಕೂಡ ಅದರಲ್ಲಿರಲಿ. ಮೂಲ ಪ್ರತಿ ಕ್ಲಿನಿಕ್‌ನಲ್ಲಿದ್ದರೆ ನಕಲು ನಿಮ್ಮ ಮನೆಯಲ್ಲಿರಲಿ.